ಚೆಂಡಾಟದ ಅರಸುಕುಮಾರ: ನಾಲ್ವಡಿ ಇಂದ್ರರಾಜನ ಬಾಳು ಮತ್ತು ಸಲ್ಲೇಖನ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲೂಕುಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಅದಕ್ಕೆ ಹಿಂದೆ ಇವು ಬಹುಕಾಲ ಬಳ್ಳಾರಿ ಜಿಲ್ಲೆಯ ಪಶ್ಚಿಮ ಭಾಗವೆಂದು ಗುರುತಿಸಿಕೊಂಡಿದ್ದವು. ಅದಕ್ಕೂ ಹಿಂದೆ, ಸಾವಿರ ವರ್ಷಗಳ ಕೆಳಗೆ, ಈ ಸೀಮೆಯ ಬಹುಭಾಗಕ್ಕೆ ‘ಕೋಗಳಿ ಐನೂರು’ ಎಂಬ ಹೆಸರಿತ್ತು. ಆ ನಾಡಿನ ಮುಖ್ಯಸ್ಥಳವಾಗಿದ್ದ ಕೋಗಳಿ ಈಗ ಹಗರಿಬೊಮ್ಮನಹಳ್ಳಿ ತಾಲೂಕಿನ ಒಂದು ಗ್ರಾಮ. ಅಲ್ಲಿಯ ಬಸದಿಯನ್ನು ಗಂಗ ದೊರೆ ದುರ್ವಿನೀತನು ಕಟ್ಟಿಸಿದನೆಂದು 1055ರ ಶಾಸನವೊಂದು ಹೇಳುತ್ತದೆ. ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದ ಆ ಶಾಸನದಲ್ಲಿ ಇಂದ್ರಕೀರ್ತಿ ಮುನಿಗಳು ಬಸದಿಗೆ ದತ್ತಿ ಬಿಟ್ಟ ಸಂಗತಿ ಇದೆ. ದುರ್ವಿನೀತನ ಕಾಲ ಆರನೆಯ ಶತಮಾನದ ಸುಮಾರು. ಬರೆಸಿದವರ ಕಾಲಕ್ಕೇ ಆ ಬಸದಿಯ ನೆನಪು ಐನೂರು ವರ್ಷ ಹಳೆಯದಾಗಿತ್ತು ಎಂಬುದನ್ನು ಗಮನಿಸಬೇಕು.

ಈ ನಾಡಿನ ದಕ್ಷಿಣದಂಚಿನಲ್ಲಿ, ಹರಪನಹಳ್ಳಿ ತಾಲೂಕಿನಲ್ಲಿ, ಉಚ್ಚಂಗಿದುರ್ಗವಿದೆ. ಇಂದು ಉಚ್ಚಂಗಮ್ಮನ ಕ್ಷೇತ್ರವೆಂದು ಹೆಸರಾದ ಆ ಬೆಟ್ಟ ಹತ್ತನೆಯ ಶತಮಾನದಲ್ಲಿ ನೊಳಂಬರ ಬಲವಾದ ಕೋಟೆಯಾಗಿತ್ತು. ಕೋಗಳಿಯ ಬಸದಿ ಮತ್ತು ಉಚ್ಚಂಗಿಯ ಕೋಟೆ, ಒಂದು ಧರ್ಮದ ನೆಲೆ, ಇನ್ನೊಂದು ದಂಡಿನ ನೆಲೆ. ಇವೆರಡರ ನಡುವಿನ ನೆಲವನ್ನು ಆಳುವ ಹಕ್ಕಿನೊಂದಿಗೆ ಹುಟ್ಟಿ, ಆ ಹಕ್ಕನ್ನು ಕಳೆದುಕೊಂಡು, ಕೊನೆಗೆ ಎಲ್ಲ ಹಕ್ಕನ್ನೂ ತಾನಾಗಿಯೇ ಬಿಟ್ಟು ಹೋದ ಒಬ್ಬ ಅರಸುಕುಮಾರನ ಚರಿತ್ರೆ ಇಲ್ಲಿ ಪ್ರಸ್ತುತವಾಗಿದೆ. ಅವನೇ ರಾಷ್ಟ್ರಕೂಟ ವಂಶದ ಕೊನೆಯ ಕುಡಿ, ನಾಲ್ವಡಿ ಇಂದ್ರರಾಜ. ಅವನು ಗೆದ್ದ ರಾಜ್ಯಗಳಿಂದ ಹೆಸರಾದವನಲ್ಲ. ಕುದುರೆಯ ಮೇಲೆ ಕುಳಿತು ಆಡುವ ಚೆಂಡಾಟದಲ್ಲಿ ಲೋಕದಲ್ಲೇ ಸಾಟಿಯಿಲ್ಲದವನೆಂದು ಹೆಸರಾದವನು. ಆ ಹೆಸರು ಉಳಿದಿರುವುದು ಒಂದು ಸಮಾಧಿಶಾಸನದಲ್ಲಿ ಎಂಬುದೇ ಅವನ ಬಾಳಿನ ವಿಶೇಷ.

ಹುಟ್ಟಿನಿಂದ ಬಂದ ಸಿರಿ

ಇಂದ್ರರಾಜನಿಗೆ ಹುಟ್ಟಿನಿಂದ ಒದಗಿದ ಸಂಪತ್ತು ಸಾಮಾನ್ಯವಾದುದಲ್ಲ. ಅವನು ಮುಮ್ಮಡಿ ಕೃಷ್ಣನ ಮಗನ ಮಗ. 939ರಿಂದ 967ರವರೆಗೆ ಆಳಿದ ಈ ಕೃಷ್ಣನು ಉತ್ತರದಲ್ಲಿ ನರ್ಮದೆಯಿಂದ ದಕ್ಷಿಣದಲ್ಲಿ ತೊಂಡೈಮಂಡಲದವರೆಗೆ ತನ್ನ ಆಜ್ಞೆಯನ್ನು ನಡೆಯಿಸಿದವನು. 949ರಲ್ಲಿ ತಕ್ಕೋಲದ ಕಾಳಗದಲ್ಲಿ ಚೋಳರ ರಾಜಾದಿತ್ಯನನ್ನು ಸೋಲಿಸಿದ ಸೈನ್ಯ ಅವನದು. ಅವನ ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನ ಮಳಖೇಡ. ಆ ನಗರದಲ್ಲಿಯೇ ಪುಷ್ಪದಂತ ಕವಿ ಅಪಭ್ರಂಶದಲ್ಲಿ ಮಹಾಪುರಾಣವನ್ನು ರಚಿಸಿ 965ರಲ್ಲಿ ಮುಗಿಸಿದನು. ಕನ್ನಡದ ಪೊನ್ನನಿಗೆ ಉಭಯಕವಿಚಕ್ರವರ್ತಿ ಎಂಬ ಬಿರುದು ದೊರೆತುದು ಇದೇ ಕೃಷ್ಣನಿಂದ. ಸೋಮದೇವಸೂರಿಗಳು 959ರಲ್ಲಿ ಯಶಸ್ತಿಲಕವನ್ನು ಪೂರ್ಣಗೊಳಿಸಿದಾಗ ಕೃಷ್ಣನು ಮೇಲ್ಪಾಡಿಯಲ್ಲಿ ಬೀಡುಬಿಟ್ಟಿದ್ದನೆಂದು ಹೇಳಿದ್ದಾರೆ.

ತಾಯಿಯ ಕಡೆಯಿಂದಲೂ ಇಂದ್ರರಾಜನದು ದೊಡ್ಡ ಮನೆತನವೇ. ಅವನ ತಾಯಿ ಗಂಗ ಬೂತುಗನ ಮಗಳು. ಗಂಗಗಾಂಗೇಯನೆಂದು ಬಿರುದಾಂತ ಈ ಬೂತುಗನೇ ತಕ್ಕೋಲದಲ್ಲಿ ರಾಜಾದಿತ್ಯನನ್ನು ಕೊಂದವನು. ಅದಕ್ಕೆ ಮೆಚ್ಚಿ ಕೃಷ್ಣನು ಅವನಿಗೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು ಮೊದಲಾದ ನಾಡುಗಳನ್ನು ಕೊಟ್ಟುದು ಆತಕೂರು ಶಾಸನದಿಂದ ತಿಳಿದುಬರುತ್ತದೆ. ಕೃಷ್ಣನ ಅಕ್ಕ ರೇವಕನಿಮ್ಮಡಿಯನ್ನು ಬೂತುಗನು ಮದುವೆಯಾಗಿದ್ದನು. ಹೀಗೆ ಗಂಗರಿಗೂ ರಾಷ್ಟ್ರಕೂಟರಿಗೂ ಕೊಟ್ಟು ತಂದ ನಂಟು ಬೆಳೆದು, ಆ ನಂಟಿನ ಫಲವಾಗಿ ಹುಟ್ಟಿದವನು ಇಂದ್ರರಾಜ. ಶ್ರವಣಬೆಳಗೊಳದ ಶಾಸನವು ಅವನನ್ನು ಕೃಷ್ಣರಾಜನ ಮೊಮ್ಮಗ, ಗಂಗಗಾಂಗೇಯನ ಮಗಳ ಮಗ, ರಾಜಚೂಡಾಮಣಿಯ ಅಳಿಯ ಎಂದು ಮೂರು ಸಂಬಂಧಗಳಿಂದ ಪರಿಚಯಿಸುತ್ತದೆ. ರಟ್ಟಕಂದರ್ಪ, ರಾಜಮಾರ್ತಂಡ, ಕೀರ್ತಿನಾರಾಯಣ, ಎಳೆವಬೆಡಂಗ ಎಂಬ ಬಿರುದುಗಳನ್ನೂ ಎಣಿಸುತ್ತದೆ.

ಇಷ್ಟು ಸಿರಿಯ ನಡುವೆ ಬೆಳೆದ ಅರಸುಮಕ್ಕಳಿಗೆ ಎರಡು ವಿನೋದಗಳು ಸಹಜವಾಗಿದ್ದವು. ಒಂದು ಬೇಟೆ, ಇನ್ನೊಂದು ಕುದುರೆಯಾಟ. ಬೇಟೆಯ ಮೋಹ ಎಷ್ಟಿತ್ತೆಂಬುದಕ್ಕೆ ಆತಕೂರು ಶಾಸನವೇ ಸಾಕ್ಷಿ. ತಕ್ಕೋಲದ ವೀರ ಮಣಲೆರನು ಬೂತುಗನ ಬಳಿ ಬೇಡಿದುದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಎರಡೂ ಸತ್ತವು. ಆ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ ದತ್ತಿ ಬಿಟ್ಟರು. ಆ ಕಾಲದ ಸ್ವಾಮಿಭಕ್ತಿಗೆ, ಪ್ರಾಣಿಯ ಮೇಲಿನ ಅಕ್ಕರೆಗೆ ಅದು ಗುರುತಾಗಿದ್ದರೂ, ಬೇಟೆಯು ಸಪ್ತವ್ಯಸನಗಳಲ್ಲಿ ಒಂದೆಂದು ಜಿನಾಗಮ ಎಣಿಸುತ್ತದೆ. ಬೂತುಗನ ಮೊಮ್ಮಗನು ಶಾಸನದಲ್ಲಿ ಹೊಗಳಿಸಿಕೊಂಡುದು ಬೇಟೆಗಾಗಿ ಅಲ್ಲ, ಚೆಂಡಾಟಕ್ಕಾಗಿ. ತಾತ ಮೊಮ್ಮಗನ ನಡುವಿನ ಈ ವ್ಯತ್ಯಾಸ ಸಣ್ಣದೆನಿಸಬಹುದು. ಶ್ರಾವಕನ ದೃಷ್ಟಿಗೆ ಅದು ಸಣ್ಣದಲ್ಲ.

ಕುದುರೆಯ ಮೇಲಿನ ಚೆಂಡಾಟ

ಇಂದು ಪೋಲೋ ಎಂದು ಕರೆಯುವ ಆಟದ ಬೇರುಗಳು ಏಷ್ಯದವು. ಪಾರಸಿಕರಲ್ಲಿ ಅದು ಚೌಗಾನ್ ಎನಿಸಿತ್ತು. ದಿಲ್ಲಿಯ ಸುಲ್ತಾನ ಕುತುಬುದ್ದೀನ್ ಐಬಕನು 1210ರಲ್ಲಿ ಲಾಹೋರಿನಲ್ಲಿ ಅದನ್ನೇ ಆಡುತ್ತ ಕುದುರೆಯಿಂದ ಬಿದ್ದು ಸತ್ತನು. ಇದರಿಂದ ಆ ಆಟವನ್ನು ಈ ದೇಶಕ್ಕೆ ಸುಲ್ತಾನರೇ ತಂದರೆಂಬ ಭಾವನೆ ಹಲವರಲ್ಲಿದೆ. ಕನ್ನಡನಾಡಿನ ಸಾಕ್ಷ್ಯ ಹಾಗೆ ಹೇಳುವುದಿಲ್ಲ. ಐಬಕನಿಗಿಂತ ಎರಡು ಶತಮಾನಗಳಿಗೂ ಹಿಂದೆ, 982ರಲ್ಲಿ, ಶ್ರವಣಬೆಳಗೊಳದ ಶಾಸನಕವಿ ಆ ಆಟದ ಸೂಕ್ಷ್ಮಗಳನ್ನು ಪಾರಿಭಾಷಿಕ ಪದಗಳೊಡನೆ ವರ್ಣಿಸಿದ್ದಾನೆ. ಹನ್ನೆರಡನೆಯ ಶತಮಾನದ ಚಾಲುಕ್ಯ ಮುಮ್ಮಡಿ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಈ ವಿನೋದಕ್ಕೆ ವಿಸ್ತಾರವಾದ ಭಾಗವೇ ಇದೆ. ಎರಡು ಪಕ್ಷಗಳು, ಪಕ್ಷಕ್ಕೆ ಎಂಟೆಂಟು ಸವಾರರು, ತೊಗಲು ಹೊದಿಸಿದ ಮರದ ಚೆಂಡು, ಬೆತ್ತದ ಕೋಲು, ಎರಡೂ ಕಡೆ ತೋರಣಗಳು. ಚೆಂಡನ್ನು ಎದುರಿನ ತೋರಣದಾಚೆ ದಾಟಿಸಿದ ಪಕ್ಷಕ್ಕೆ ಗೆಲುವು.

ಇಂದ್ರರಾಜನ ಶಾಸನವಿರುವುದು ಚಿಕ್ಕಬೆಟ್ಟದ ಮೇಲೆ, ಸವತಿಗಂಧವಾರಣ ಬಸದಿಯ ಬಳಿಯ ಕಂಬದಲ್ಲಿ. ಶಾಂತಲದೇವಿಯು ಆ ಬಸದಿಯನ್ನು ಕಟ್ಟಿಸಿದುದು 1123ರಲ್ಲಿ. ಕಂಬದ ಬರಹ ಅದಕ್ಕಿಂತ ನೂರ ನಲವತ್ತು ವರ್ಷ ಹಿಂದಿನದು. ಕನ್ನಡ ಪದ್ಯಗಳಲ್ಲಿರುವ ಈ ಬರಹದ ಬಹುಭಾಗ ಚೆಂಡಾಟಕ್ಕೇ ಮೀಸಲಾಗಿದೆ. ಒಳಗಡೆಯ ಹೊಡೆತ, ಹೊರಗಡೆಯ ಹೊಡೆತ, ಬಲಗಡೆಯದು, ಎಡಗಡೆಯದು. ಇವುಗಳಲ್ಲಿ ಸುಕರವಾದುದು, ದುಷ್ಕರವಾದುದು, ವಿಷಮವಾದುದು, ವಿಷಮದುಷ್ಕರವಾದುದು ಎಂಬ ಭೇದಗಳು. ಇವನ್ನೆಲ್ಲ ಅರಿತು ಆಡಬಲ್ಲವನು ಇಂದ್ರರಾಜನೊಬ್ಬನೇ ಎಂದು ಕವಿ ಸಾರುತ್ತಾನೆ. ಇನ್ನೊಂದು ಕಡೆ ಉತ್ಪ್ರೇಕ್ಷೆಯ ಮಾತು ಬರುತ್ತದೆ. ಚೆಂಡು ಮೆಣಸಿನ ಕಾಳಿಗಿಂತ ಕಿರಿದಾಗಿರಲಿ, ಕೋಲು ನಾಲ್ಕು ಬೆರಳಿನಷ್ಟೂ ಉದ್ದವಿಲ್ಲದಿರಲಿ, ಕುದುರೆ ಬೆಟ್ಟಕ್ಕಿಂತ ದೊಡ್ಡದಿರಲಿ, ಅಂಗಣ ಭೂಮಂಡಲವನ್ನೇ ಮೀರಿರಲಿ, ಇವನು ಎಂಟು ಹತ್ತು ಸುತ್ತು ಬಂದಲ್ಲದೆ ತೃಪ್ತನಾಗುವವನಲ್ಲ ಎಂಬುದು ಅದರ ಅಭಿಪ್ರಾಯ.

ಆಟವನ್ನು ಬಲ್ಲವರೇ ಬರೆದಿರಬೇಕಾದ ಈ ವರ್ಣನೆಯಲ್ಲಿ ಒಂದು ಸಂಗತಿ ಸ್ಪಷ್ಟ. ಕುದುರೆ ಓಡುತ್ತಿರುವಾಗ ಬಲಗೈಯವನಿಗೆ ಬಲಮಗ್ಗುಲಿನ ಚೆಂಡು ಸುಲಭ. ಎಡಮಗ್ಗುಲಿನ ಚೆಂಡಿಗೆ ಮೈಯನ್ನು ಹೊರಳಿಸಿ ಕುದುರೆಯ ಕೊರಳಿನ ಮೇಲಿಂದ ಕೋಲು ಚಾಚಬೇಕು. ವೇಗ ತಗ್ಗಿಸುವಂತಿಲ್ಲ, ಹಿಡಿ ಸಡಿಲಿಸುವಂತಿಲ್ಲ. ಕಣ್ಣು ಚೆಂಡಿನಲ್ಲಿ, ತೊಡೆ ಕುದುರೆಯಲ್ಲಿ, ಕೈ ಕೋಲಿನಲ್ಲಿ, ಮನಸ್ಸು ಈ ಮೂರರಲ್ಲೂ ಇರಬೇಕು. ಮೈಮನಗಳನ್ನು ಒಂದೆಡೆ ನಿಲ್ಲಿಸುವ ಅಭ್ಯಾಸವಿಲ್ಲದೆ ಇದು ಸಾಧ್ಯವಿಲ್ಲ. ಹಾಗೆಂದು ಈ ಆಟ ಪೂರ್ಣ ನಿರ್ದೋಷವೆನ್ನಲಾಗದು. ಪ್ರಾಣಿಗೆ ಅತಿಯಾದ ಭಾರ ಹೊರಿಸುವುದನ್ನೂ ಹೊಡೆಯುವುದನ್ನೂ ಅಹಿಂಸಾಣುವ್ರತದ ಅತಿಚಾರಗಳಲ್ಲಿ ಎಣಿಸಲಾಗಿದೆ. ಆದರೂ ಕೊಲ್ಲುವುದೇ ಗುರಿಯಾದ ಬೇಟೆಗೂ, ಕೌಶಲವೇ ಗುರಿಯಾದ ಚೆಂಡಾಟಕ್ಕೂ ಇರುವ ಅಂತರ ದೊಡ್ಡದು.

ಈ ಸಂದರ್ಭದಲ್ಲಿ ದೂರದೇಶದ ಒಬ್ಬ ಶ್ರೀಮಂತನನ್ನು ನೆನೆಯಬಹುದು. ಅಮೆರಿಕೆಗೆ ಪೋಲೋ ಆಟವನ್ನು 1876ರಲ್ಲಿ ಪರಿಚಯಿಸಿದವನು ಜೇಮ್ಸ್ ಗಾರ್ಡನ್ ಬೆನೆಟ್. ಅವನ ತಂದೆ ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆಯನ್ನು ಕಟ್ಟಿದವನು. ಮಗನಿಗೆ ಅಪಾರವಾದ ಹಣ ತಾನಾಗಿ ಬಂದಿತು. 1866ರಲ್ಲಿ ಹಾಯಿಹಡಗಿನಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟುವ ಪಂದ್ಯವನ್ನು ಗೆದ್ದನು. ಆಫ್ರಿಕದಲ್ಲಿ ಲಿವಿಂಗ್‌ಸ್ಟನ್ನನನ್ನು ಹುಡುಕಲು ಸ್ಟ್ಯಾನ್ಲಿಯನ್ನು ಕಳುಹಿಸಿದವನೂ ಅವನೇ. 1906ರಲ್ಲಿ ಅವನು ಆರಂಭಿಸಿದ ಬಲೂನು ಪಂದ್ಯ ಅವನ ಹೆಸರಿನಲ್ಲಿ ಉಳಿದುಬಂದಿದೆ. 1918ರಲ್ಲಿ ಅವನು ಫ್ರಾನ್ಸಿನಲ್ಲಿ ತೀರಿಕೊಂಡನು. ಆರು ವರ್ಷಗಳಲ್ಲಿ ಅವನ ಪತ್ರಿಕೆ ಮತ್ತೊಂದು ಪತ್ರಿಕೆಯಲ್ಲಿ ಸೇರಿಹೋಯಿತು. ಹಿರಿಯರ ಗಳಿಕೆಯನ್ನು ಪಡೆದು, ಆಟಗಳಲ್ಲಿ ಹೆಸರು ಗಳಿಸುವ ಶ್ರೀಮಂತರು ಎಲ್ಲ ದೇಶಗಳಲ್ಲೂ ಎಲ್ಲ ಕಾಲಗಳಲ್ಲೂ ಇದ್ದಾರೆ. ಆಟ ಮುಗಿದ ಮೇಲೆ, ಗಳಿಕೆ ಕೈಬಿಟ್ಟ ಮೇಲೆ, ಅಂತಹ ಬಾಳು ಯಾವುದನ್ನು ಆಧರಿಸಿ ನಿಲ್ಲುತ್ತದೆ? ಇಂದ್ರರಾಜನ ಚರಿತ್ರೆಯ ಮುಂದಿನ ಭಾಗ ಈ ಪ್ರಶ್ನೆಗೆ ಉತ್ತರವಾಗಿದೆ.

ಕೈತಪ್ಪಿದ ರಾಜ್ಯ

967ರಲ್ಲಿ ಕೃಷ್ಣನು ತೀರಿಕೊಂಡಾಗ ಪಟ್ಟ ಮೊಮ್ಮಗನಿಗೆ ಬರಲಿಲ್ಲ. ಕೃಷ್ಣನ ತಮ್ಮ ಖೊಟ್ಟಿಗನಿಗೆ ಹೋಯಿತು. ಐದು ವರ್ಷಗಳಲ್ಲಿ ಕೇಡು ಬಂದೆರಗಿತು. 972ರಲ್ಲಿ ಮಾಳವದ ಪರಮಾರ ಸೀಯಕನು ಮಾನ್ಯಖೇಟಕ್ಕೆ ನುಗ್ಗಿ ನಗರವನ್ನು ಸೂರೆಮಾಡಿದನು. ಆ ವರ್ಷದಲ್ಲಿಯೇ ಪ್ರಾಕೃತಕೋಶವೊಂದನ್ನು ರಚಿಸಿದ ಧನಪಾಲನು ಮಾನ್ಯಖೇಟ ಲೂಟಿಯಾದ ಕಾಲವೆಂದೇ ತನ್ನ ಗ್ರಂಥದ ಕಾಲವನ್ನು ಗುರುತಿಸಿದ್ದಾನೆ. ಒಬ್ಬರ ಶೋಕ ಇನ್ನೊಬ್ಬರಿಗೆ ತಾರೀಖಿನ ಗುರುತಾಯಿತು. ಖೊಟ್ಟಿಗನ ಬಳಿಕ ಬಂದ ಇಮ್ಮಡಿ ಕರ್ಕನು ಹೆಚ್ಚು ಕಾಲ ನಿಲ್ಲಲಿಲ್ಲ. ರಾಷ್ಟ್ರಕೂಟರ ಸಾಮಂತನೇ ಆಗಿದ್ದ ಚಾಲುಕ್ಯ ತೈಲಪನು 973ರಲ್ಲಿ ಅವನನ್ನು ಕೆಡವಿ ರಾಜ್ಯವನ್ನು ಕೈವಶಮಾಡಿಕೊಂಡನು. ಇನ್ನೂರಿಪ್ಪತ್ತು ವರ್ಷ ಬೆಳೆದ ಮರ ಒಂದೆರಡು ವರ್ಷಗಳಲ್ಲಿ ಉರುಳಿತು.

ಆಗ ಇಂದ್ರರಾಜನ ಕೈಹಿಡಿದವನು ಸೋದರಮಾವನಾದ ಗಂಗ ಮಾರಸಿಂಹ. ಬೂತುಗನ ಮಗನಾದ ಈ ಮಾರಸಿಂಹನ ಹೆಸರು ಕೋಗಳಿ–ಉಚ್ಚಂಗಿ ಸೀಮೆಯವರಿಗೆ ಹತ್ತಿರದ್ದು. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನವು ಅವನು ಉಚ್ಚಂಗಿಯ ಕೋಟೆಯನ್ನು ಹಿಡಿದುದನ್ನೂ ನೊಳಂಬರನ್ನು ನಿರ್ಮೂಲಗೊಳಿಸಿದುದನ್ನೂ ಹೇಳುತ್ತದೆ. ಅದರಿಂದಲೇ ಅವನಿಗೆ ನೊಳಂಬಕುಲಾಂತಕ ಎಂಬ ಬಿರುದು ಬಂದಿತು. ಅವನ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯನು ಇದೇ ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನೊಡನೆ ಕಾದಿ ರಣರಂಗಸಿಂಗನೆನಿಸಿದನು. ಇಂದು ಹರಪನಹಳ್ಳಿಯಿಂದ ಉಚ್ಚಂಗಿಯ ಬೆಟ್ಟವನ್ನು ಏರುವ ಯಾತ್ರಿಕನು, ಗೊಮ್ಮಟನನ್ನು ನಿಲ್ಲಿಸಿದ ಪುಣ್ಯಪುರುಷನು ಒಂದು ಕಾಲಕ್ಕೆ ಖಡ್ಗ ಹಿಡಿದು ನಿಂತ ನೆಲ ಅದೆಂದು ತಿಳಿದು ಏರಿದರೆ ಒಳ್ಳೆಯದು.

ಮಾರಸಿಂಹನು ತನ್ನ ಸೋದರಳಿಯನಿಗೆ ಪಟ್ಟ ಕಟ್ಟಿದನು. ಕೂಗೆ ಬ್ರಹ್ಮದೇವರ ಕಂಬದ ಶಾಸನ ಇದನ್ನೂ ಅವನ ಸಾಧನೆಗಳಲ್ಲಿ ಎಣಿಸಿದೆ. ಆದರೆ ಪಟ್ಟವಿದ್ದಿತೇ ಹೊರತು ರಾಜ್ಯವಿರಲಿಲ್ಲ. ತೈಲಪನ ಬಲ ದಿನದಿನಕ್ಕೆ ಬೆಳೆಯಿತು. ಮಾರಸಿಂಹನು ರಾಜಪದವಿಯನ್ನು ತ್ಯಜಿಸಿ, ಒಂದು ವರ್ಷದ ಬಳಿಕ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಪಾದಮೂಲದಲ್ಲಿ ಸಲ್ಲೇಖನವನ್ನು ಕೈಗೊಂಡನು. ಮೂರು ದಿನಗಳ ವ್ರತ ಪಾಲಿಸಿ ದೇಹಬಿಟ್ಟನು. ಇದು 974–75ರ ವೇಳೆಗೆ ನಡೆದ ಸಂಗತಿ.

ಆಸರೆಯಾಗಿದ್ದ ಮಾವನೂ ಹೋದನು. ಇಂದ್ರರಾಜನ ಮುಂದೆ ಉಳಿದುದು ಏಳೆಂಟು ವರ್ಷಗಳ ಆಯುಷ್ಯ. ಆ ಅವಧಿಯಲ್ಲಿ ಕನ್ನಡನಾಡಿನ ನೆಲ ತೈಲಪನ ಕೈಗೆ ದೃಢವಾಗಿ ಸೇರಿತು. ಹರಪನಹಳ್ಳಿ ತಾಲೂಕಿನ ಬಾಗಳಿಯಲ್ಲಿ ದುಗ್ಗಿಮಯ್ಯನು ಕಟ್ಟಿಸಿದ ಕಲ್ಲೇಶ್ವರ ದೇವಾಲಯದ 987ರ ಶಾಸನ ತೈಲಪನ ಕಾಲದ್ದು. 992ರಲ್ಲಿ ಕೋಗಳಿಯ ಶಾಸನವೊಂದು, ತೈಲಪನು ಚೋಳರನ್ನು ಸೋಲಿಸಿ ನೂರೈವತ್ತು ಆನೆಗಳನ್ನು ಹಿಡಿದು ರೊದ್ದದಲ್ಲಿ ಬೀಡುಬಿಟ್ಟಿದ್ದನೆಂದು ಸಾರುತ್ತದೆ. ತಾತ ಕೃಷ್ಣನಿಗೆ ತಲೆಬಾಗಿದ್ದ ನಾಡು ಮೊಮ್ಮಗನು ತೀರಿದ ಹತ್ತು ವರ್ಷಗಳೊಳಗೆ ಬೇರೊಬ್ಬನ ಗೆಲುವನ್ನು ಕಲ್ಲಿನಲ್ಲಿ ಕೊರೆಯಿತು. ಇದರಲ್ಲಿ ನಾಡಿನ ತಪ್ಪೇನೂ ಇಲ್ಲ. ನೆಲ ಯಾರ ಸ್ವತ್ತೂ ಅಲ್ಲ. ಆಳುವವರು ಬದಲಾದಂತೆ ಅವರ ಹೆಸರನ್ನು ಹೊತ್ತು ನಿಲ್ಲುವುದಷ್ಟೇ ಅದರ ಕೆಲಸ.

ಬೆಳಗೊಳದ ಬೆಟ್ಟದಲ್ಲಿ

ಶಕ 904ನೆಯ ಚಿತ್ರಭಾನು ಸಂವತ್ಸರದ ಚೈತ್ರ ಶುದ್ಧ ಅಷ್ಟಮಿ ಸೋಮವಾರ, ಎಂದರೆ 982ರ ಮಾರ್ಚ್ 20ರಂದು, ಇಂದ್ರರಾಜನು ಶ್ರವಣಬೆಳಗೊಳದಲ್ಲಿ ನಿರಾಕುಲ ಚಿತ್ತದಿಂದ ವ್ರತವನ್ನು ಪಾಲಿಸಿ ದೇಹತ್ಯಾಗ ಮಾಡಿದನು. ಅದಕ್ಕೆ ಒಂದು ವರ್ಷ ಮೊದಲು, 981ರಲ್ಲಿ, ಎದುರಿನ ದೊಡ್ಡಬೆಟ್ಟದ ಮೇಲೆ ಚಾವುಂಡರಾಯನ ಗೊಮ್ಮಟಮೂರ್ತಿಗೆ ಪ್ರತಿಷ್ಠೆಯಾಗಿತ್ತು. ಇಂದ್ರರಾಜನು ಕೊನೆಯ ದಿನಗಳನ್ನು ಕಳೆದ ಚಿಕ್ಕಬೆಟ್ಟದ ಎದುರಿಗೆ ಆ ಹೊಸ ಬಿಂಬ ನಿಂತಿತ್ತು.

ಆ ಬಿಂಬದ ಚರಿತ್ರೆ ಯಾವ ಜೈನಮನೆಯಲ್ಲೂ ಹೇಳಿಕೊಡಬೇಕಾಗಿಲ್ಲ. ಭರತ ಬಾಹುಬಲಿಗಳ ನಡುವೆ ರಾಜ್ಯದ ವಿಚಾರದಲ್ಲಿ ಕಲಹ ಬಂದಾಗ ಸೇನೆಗಳ ಸಂಹಾರ ಬೇಡವೆಂದು ಮಂತ್ರಿಗಳು ಮೂರು ಪಂದ್ಯಗಳನ್ನು ಸೂಚಿಸಿದರು: ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೂರರಲ್ಲೂ ಬಾಹುಬಲಿ ಗೆದ್ದನು. ಗೆದ್ದ ಕ್ಷಣದಲ್ಲಿಯೇ ಗೆಲುವಿನ ಹುರುಳಿಲ್ಲದಿಕೆಯನ್ನು ಕಂಡು ರಾಜ್ಯವನ್ನು ಬಿಟ್ಟನು. ಆದಿಪುರಾಣದ ಮೂಲಕ ಪಂಪನು 941ರಲ್ಲಿ ಈ ಕಥೆಯನ್ನು ಕನ್ನಡಿಗರ ಮನೆಮಾತಾಗಿಸಿದ್ದನು. ಬಾಹುಬಲಿ ಗೆದ್ದು ಬಿಟ್ಟನು. ಇಂದ್ರರಾಜನು ಸೋತು ಬಿಟ್ಟನು. ಇವೆರಡೂ ಒಂದೇ ಎನ್ನಲಾಗದು ಎಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪವನ್ನು ನೇರವಾಗಿ ಎದುರಿಸುವುದು ಅಗತ್ಯ.

ರಾಜ್ಯಭ್ರಷ್ಟನಾದವನು ಉಪವಾಸದಿಂದ ಸತ್ತರೆ ಅದು ನಿರಾಶೆಯ ಆತ್ಮಹತ್ಯೆಯಲ್ಲವೇ ಎಂಬ ಪ್ರಶ್ನೆ ಮಾರಸಿಂಹ, ಇಂದ್ರರಾಜರ ಬಗೆಗೆ ಚರಿತ್ರಕಾರರಲ್ಲಿ ಎದ್ದಿದೆ. ಇಂದಿಗೂ ಅದು ಹಳೆಯದಾಗಿಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯ ಸಂಥಾರಾ ವ್ರತವನ್ನು ಆತ್ಮಹತ್ಯೆಗೆ ಸಮಾನವೆಂದು ತೀರ್ಪಿತ್ತಿತು. ದೇಶದಾದ್ಯಂತ ಜೈನಸಮಾಜ ಮೌನ ಮೆರವಣಿಗೆಗಳನ್ನು ನಡೆಸಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ನ್ಯಾಯಾಲಯದ ಮಾತು ಹೇಗೇ ಇರಲಿ, ಆಚಾರ್ಯರು ಈ ಭೇದವನ್ನು ಎಂದೋ ಸ್ಪಷ್ಟಪಡಿಸಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ತಕ್ಕ ಸಂದರ್ಭಗಳನ್ನು ಹೇಳುತ್ತಾರೆ: ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ. ಧರ್ಮವನ್ನು ಉಳಿಸಿಕೊಳ್ಳಲು ದೇಹವನ್ನು ಬಿಡುವುದು ಅದರ ಅರ್ಥ. ಕೋಪದಿಂದ, ಅಪಮಾನದಿಂದ, ಸೋಲಿನ ಸಂಕಟದಿಂದ ಸಾಯುವುದು ಕಷಾಯದಿಂದ ಸಾಯುವುದು. ಸಲ್ಲೇಖನವೆಂದರೆ ಕಾಯವನ್ನಷ್ಟೇ ಅಲ್ಲ, ಕಷಾಯವನ್ನೂ ಕೃಶಗೊಳಿಸುವುದು.

ಇನ್ನೂ ಮುಂದೆ ಹೋಗಿ ತತ್ತ್ವಾರ್ಥಸೂತ್ರವು ಈ ವ್ರತದ ಐದು ಅತಿಚಾರಗಳನ್ನು ಎಣಿಸುತ್ತದೆ. ಇನ್ನೂ ಬದುಕಬೇಕೆಂಬ ಆಸೆ, ಬೇಗ ಸಾಯಬೇಕೆಂಬ ಆಸೆ, ಗೆಳೆಯರ ಮೇಲಿನ ಅನುರಾಗ, ಹಿಂದೆ ಅನುಭವಿಸಿದ ಸುಖಗಳ ನೆನಪು, ಮುಂದೆ ಭೋಗ ದೊರೆಯಲೆಂಬ ಬಯಕೆ. ಇವನ್ನು ಇಂದ್ರರಾಜನ ಬಾಳಿಗೆ ಹೊಂದಿಸಿ ನೋಡಿದರೆ ಅವನ ಮುಂದಿದ್ದ ಕೆಲಸದ ಕಾಠಿಣ್ಯ ತಿಳಿಯುತ್ತದೆ. ರಾಜ್ಯ ಮರಳಿ ಬಂದೀತೆಂಬ ನಿರೀಕ್ಷೆಯಲ್ಲಿ ಇನ್ನಷ್ಟು ದಿನ ಬದುಕುವ ಆಸೆಯನ್ನು ಅವನು ಬಿಡಬೇಕಿತ್ತು. ಅಪಮಾನದ ದಿನಗಳು ಬೇಗ ಮುಗಿಯಲೆಂದು ಸಾವನ್ನು ಬಯಸುವುದನ್ನೂ ಬಿಡಬೇಕಿತ್ತು. ತನಗಾಗಿ ಕಾದಿದ ಮಾವನ ನೆನಪನ್ನು, ಮುಂದಿನ ಜನ್ಮದಲ್ಲಾದರೂ ಚಕ್ರವರ್ತಿಯಾಗಬೇಕೆಂಬ ನಿದಾನವನ್ನು ಬಿಡಬೇಕಿತ್ತು. ನಾಲ್ಕನೆಯದಾದ ಸುಖಾನುಬಂಧ ಎಂಬುದು ಅವನ ಪಾಲಿಗೆ ಯಾವುದು? ಮಾನ್ಯಖೇಟದ ಬಯಲು, ಗೊರಸಿನ ಸದ್ದು, ಎಡಮಗ್ಗುಲಿನ ವಿಷಮದುಷ್ಕರ ಹೊಡೆತ, ತೋರಣ ದಾಟಿದ ಚೆಂಡು. ಲೋಕವು ಅವನನ್ನು ಯಾವುದಕ್ಕಾಗಿ ಹೊಗಳಿತೋ ಅದನ್ನೇ ಅವನು ಮನಸ್ಸಿನಿಂದ ಇಳಿಸಬೇಕಿತ್ತು.

ಇಲ್ಲಿ ಶಾಸನದ ಒಂದು ವೈಚಿತ್ರ್ಯ ಎದ್ದುಕಾಣುತ್ತದೆ. ಬರೆಸಿದವರು ಅವನ ಚೆಂಡಾಟವನ್ನು ಕಲ್ಲಿನಲ್ಲಿ ಉಳಿಸಿದರು. ಅವನು ಮಾತ್ರ ಅದನ್ನು ಮರೆಯುವ ವ್ರತ ತೊಟ್ಟು ಹೋದನು. ಉಳಿದವರಿಗೆ ನೆನಪು ಕರ್ತವ್ಯ, ಹೋಗುವವನಿಗೆ ನೆನಪು ಬಂಧನ. ಅವರು ಹೊಗಳಿಕೆಗೆ ಪಟ್ಟವನ್ನು ಆರಿಸಿಕೊಳ್ಳದೆ ಆಟವನ್ನು ಆರಿಸಿಕೊಂಡುದರಲ್ಲೂ ಒಂದು ಔಚಿತ್ಯವಿದೆ. ಪಟ್ಟ ಹುಟ್ಟಿನಿಂದ ಬಂದುದು, ಮಾವನು ಕಟ್ಟಿದುದು, ಶತ್ರು ಕಿತ್ತುಕೊಂಡುದು. ಚೆಂಡಾಟದ ಕೌಶಲ ಅವನ ಸ್ವಂತ ದುಡಿಮೆ. ಅದನ್ನು ಯಾವ ತೈಲಪನೂ ಕಸಿದುಕೊಳ್ಳಲಾರನು. ಹಾಗೆ ತನ್ನದೇ ಆದುದನ್ನು ತಾನಾಗಿ ಬಿಟ್ಟುದರಿಂದ ಅದು ತ್ಯಾಗವಾಯಿತು. ಕಸಿದುಕೊಂಡ ರಾಜ್ಯವನ್ನು ಬಿಟ್ಟೆನೆನ್ನುವುದು ತ್ಯಾಗವಾಗದು.

ರಾಷ್ಟ್ರಕೂಟರ ಮನೆಗೆ ಇದು ಹೊಸದೂ ಅಲ್ಲ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನು ವಿವೇಕದಿಂದ ರಾಜ್ಯವನ್ನು ತ್ಯಜಿಸಿದನೆಂದು ಪ್ರಶ್ನೋತ್ತರರತ್ನಮಾಲಿಕೆ ತಿಳಿಸುತ್ತದೆ. ತುಂಬಿದ ಸಿರಿಯಲ್ಲಿ ಅವನು ಕಲಿತ ಪಾಠವನ್ನು ಬರಿದಾದ ಕೈಯಲ್ಲಿ ವಂಶದ ಕೊನೆಯವನು ಕಲಿತನು. ಪಾಠ ಒಂದೇ, ಕಲಿತ ಬೆಲೆ ಬೇರೆ.

ಉಳಿದುದು ಯಾವುದು?

ಒಂದು ರಾಜವಂಶ ಅಳಿದುದರಿಂದ ಧರ್ಮ ಅಳಿಯಲಿಲ್ಲ. ರಾಷ್ಟ್ರಕೂಟರನ್ನು ಕೆಡವಿದ ತೈಲಪನ ಆಳಿಕೆಯಲ್ಲಿಯೇ ರನ್ನನು ಅಜಿತಪುರಾಣವನ್ನು 993ರಲ್ಲಿ ಮುಗಿಸಿದನು. ಅದನ್ನು ಬರೆಸಿದ ಅತ್ತಿಮಬ್ಬೆ ತೈಲಪನ ದಂಡನಾಯಕನ ಮನೆಯ ಸೊಸೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಕೀರ್ತಿ ಅವಳದು. ಕೃಷ್ಣನ ಆಸ್ಥಾನದಲ್ಲಿ ಮೆರೆದ ಪೊನ್ನನ ಕಾವ್ಯ ಉಳಿದುದು ಕೃಷ್ಣನ ಖಡ್ಗದಿಂದಲ್ಲ, ಒಬ್ಬ ಶ್ರಾವಿಕೆಯ ಶಾಸ್ತ್ರದಾನದಿಂದ.

ಕೋಗಳಿಯ ಬಸದಿಯೂ ಇದನ್ನೇ ಹೇಳುತ್ತದೆ. ಹದಿಮೂರನೆಯ ಶತಮಾನದಲ್ಲಿ, ಹೊಯ್ಸಳ ವೀರರಾಮನಾಥನ ಕಾಲದಲ್ಲಿ, 1276ರ ವೇಳೆಗೆ ಅಲ್ಲಿ ಬರೆದ ಶಾಸನಗಳು ಚೆನ್ನಪಾರ್ಶ್ವದೇವರ ನಿತ್ಯಾಭಿಷೇಕಕ್ಕೆ ಬೇರೆ ಬೇರೆ ಊರುಗಳ ಭಕ್ತರು ಹೊನ್ನು ಕೊಟ್ಟುದನ್ನು ದಾಖಲಿಸುತ್ತವೆ. ಅವರು ಚಕ್ರವರ್ತಿಗಳಲ್ಲ. ಅಭಿಷೇಕ ತಪ್ಪದೆ ನಡೆಯಲೆಂದು ತಮ್ಮ ಶಕ್ತಿಯಷ್ಟು ಕೊಟ್ಟ ಮನೆತನಗಳವರು. ಗಂಗರು, ನೊಳಂಬರು, ರಾಷ್ಟ್ರಕೂಟರು, ಚಾಲುಕ್ಯರು, ಹೊಯ್ಸಳರು ಬಂದು ಹೋದ ನೆಲದಲ್ಲಿ ಬಸದಿಯನ್ನು ಶತಮಾನಗಳ ಕಾಲ ಕಾಪಾಡಿದವರಲ್ಲಿ ಅವರ ಪಾಲು ದೊಡ್ಡದು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳ ಸುತ್ತ ಇಂದಿಗೂ ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ, ಗುಡಿಯ ಗೋಡೆಯಲ್ಲಿ ಹಳೆಯ ಕಲ್ಬರಹಗಳು ಸಿಗುತ್ತವೆ. ಅವುಗಳಿಗೆ ಸುಣ್ಣ ಬಳಿಯದೆ, ಸಿಮೆಂಟು ಮೆತ್ತದೆ, ಜೀರ್ಣೋದ್ಧಾರದ ಹೆಸರಿನಲ್ಲಿ ಒಡೆದು ಹಾಕದೆ, ಓದಬಲ್ಲವರನ್ನು ಕರೆಸಿ ಓದಿಸಿ ಕಾಪಾಡುವುದು ಬಸದಿಗಳ ಆಡಳಿತ ಮಂಡಳಿಗಳ ಹೊಣೆ. ಚಿಕ್ಕಬೆಟ್ಟದ ಒಂದು ಕಂಬ ಉಳಿಯದೆ ಹೋಗಿದ್ದರೆ ಇಂದ್ರರಾಜನ ಆಟವೂ ತಿಳಿಯುತ್ತಿರಲಿಲ್ಲ, ಅವನ ತ್ಯಾಗವೂ ತಿಳಿಯುತ್ತಿರಲಿಲ್ಲ.

ಇಂದು ಮನೆಮನೆಗಳಲ್ಲಿ ಮಕ್ಕಳಿಗೆ ಹಿರಿಯರ ಆಸ್ತಿ ಬರುತ್ತದೆ, ಅಂಗಡಿ ಬರುತ್ತದೆ, ಹೆಸರು ಬರುತ್ತದೆ. ಆಟದಲ್ಲಿ, ಓದಿನಲ್ಲಿ, ವ್ಯವಹಾರದಲ್ಲಿ ಅವರು ಮುಂದೆ ಬರಲೆಂದು ಹಾರೈಸುವುದು ಸಹಜ, ತಪ್ಪೂ ಅಲ್ಲ. ಚೆನ್ನಾಗಿ ಆಡುವುದನ್ನು ಅವರಿಗೆ ಕಲಿಸುವಾಗ ಆಟದಿಂದ ಎದ್ದು ಬರುವುದನ್ನೂ ಕಲಿಸಬೇಕು. ಪರಿಗ್ರಹ ಪರಿಮಾಣ ವ್ರತವು ಗೃಹಸ್ಥನಿಗೆ ಹೇಳುವುದು ಇದನ್ನೇ. ಒಂದೇ ದಿನದಲ್ಲಿ ಎಲ್ಲವನ್ನೂ ಬಿಡುವುದು ಎಲ್ಲರಿಗೂ ಆಗದು. ದಿನವೂ ಸ್ವಲ್ಪ ಸ್ವಲ್ಪ ಬಿಡುವ ಅಭ್ಯಾಸ ಎಲ್ಲರಿಗೂ ಆಗುತ್ತದೆ. ಬೆಟ್ಟದಷ್ಟು ಎತ್ತರದ ಕುದುರೆ, ಭೂಮಂಡಲದಷ್ಟು ವಿಸ್ತಾರದ ಅಂಗಣ ಸಿಕ್ಕಿದರೂ ಇನ್ನೂ ಹತ್ತು ಸುತ್ತು ಬೇಕೆಂದಿದ್ದ ಅರಸುಕುಮಾರನು, ಕೊನೆಗೆ ಒಂದು ಬಂಡೆಯ ಮೇಲೆ ಅಲುಗಾಡದೆ ಕುಳಿತು ಸಾಕೆಂದನು. ಅವನು ಗೆದ್ದ ಆಟಗಳಲ್ಲೆಲ್ಲ ವಿಷಮದುಷ್ಕರವಾದುದು ಅದೇ.